ವಾರಂಟಿ ಮುಗಿಯಲು ಒಂದು ತಿಂಗಳಿದ್ದಾಗ

ನಾವು ಬೂದಿಗೆರೆಯ ಬಾಡಿಗೆ ಮನೆಯಲ್ಲಿದ್ದಾಗ, ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ನಮ್ಮತ್ತೆ ಎರಡು ಮೂರು ಸಲ ಹೇಳಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಕೈಕಾಲು ಜೋಮು ಹಿಡಿಯುವುದು ಮೊದಲಿನಿಂದಲೂ ಇತ್ತು. "ಶುಗರ್‌ಗೆ ಹಂಗೇ ಆಗುತ್ತೆ ಅತ್ತೆ, ಮಾತ್ರೆ ಸರಿಯಾಗಿ ತಗೊಳ್ಳಿ" ಎಂದುಬಿಡುತ್ತಿದ್ದೆ. ಅದೇ ಫ್ರಿಜ್ಜನ್ನು ನಾನೂ ದಿನಕ್ಕೆ ಹತ್ತು ಸಲ ಮುಟ್ಟುತ್ತಿದ್ದೆ, ನನಗೇನೂ ಆಗುತ್ತಿರಲಿಲ್ಲ. ಹಿಮ್ಮಡಿ ನೋವಿಗೆಂದು ನಾನು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತಿದ್ದೆ. ಅತ್ತೆ ನೆಲ ಒರೆಸಿದ ಒದ್ದೆಯಲ್ಲೇ ಬರಿಗಾಲಲ್ಲಿ ಓಡಾಡುವವರು. ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ಬಾಗಿಲು ತೆಗೆಯುವ ಮುಂಚೆ ಸೆರಗನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರು. ಅದನ್ನು ನೋಡಿಯೂ ನಾನು ಕೇಳಲಿಲ್ಲ.

ಫ್ರಿಜ್ ಕೊಂಡಾಗ ಹೊಸಕೋಟೆಯ ಅಂಗಡಿಯವರ ಒತ್ತಾಯಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದೆವು. ದಂಡದ ಖರ್ಚೆಂದು ನನ್ನ ಗಂಡ ಆಗಾಗ ಗೊಣಗುತ್ತಿದ್ದರು. ಅದು ಮುಗಿಯಲು ತಿಂಗಳಿದ್ದಾಗ, "ಒಂದ್ಸಲಾನೂ ಕರೆಸಿಲ್ಲ, ಬಂದು ನೋಡ್ಕೊಂಡಾದ್ರೂ ಹೋಗ್ಲಿ" ಎಂದರು. ಫ್ರೀಜರಿನಲ್ಲಿ ಐಸ್ ಜಾಸ್ತಿ ಕಟ್ಟುತ್ತದೆಂದು ಫೋನಿನಲ್ಲಿ ದೂರು ಬರೆಸಿದೆ.

ಮರುದಿನ ಬೆಳಗ್ಗೆ ಬಂದ ಮೆಕ್ಯಾನಿಕ್ ನಡುವಯಸ್ಸಿನವರು. ಎಲ್ಲ ನೋಡಿ, "ಏನೂ ತೊಂದರೆ ಇಲ್ಲ ಮೇಡಂ" ಎಂದು ಚೀಲ ಮುಚ್ಚುತ್ತಿದ್ದರು. ಆಗ ಅತ್ತೆ, "ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣಪ್ಪಾ" ಎಂದರು.

"ಅವರಿಗೆ ಶುಗರ್ ಇದೆ" ಎಂದು ನಾನು ನಕ್ಕೆ.

ಮೆಕ್ಯಾನಿಕ್ ನಗಲಿಲ್ಲ. ಟೆಸ್ಟರ್ ತೆಗೆದು ಫ್ರಿಜ್ಜಿನ ಹಿಂಬದಿಗೆ ಹಿಡಿದರು. ಸಣ್ಣ ಕೆಂಪು ದೀಪ ಹೊತ್ತಿತು. ಪ್ಲಗ್ ಕಿತ್ತು ಹಿಡಿದರೆ ಹೊತ್ತಲಿಲ್ಲ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ತಂತಿಯ ತೂತಿಗೆ ಹಿಡಿದಾಗ ಮತ್ತೆ ಹೊತ್ತಿತು.

"ನಿಮ್ಮ ಫ್ರಿಜ್ ಚೆನ್ನಾಗಿದೆ. ಕರೆಂಟ್ ಬೇರೆ ಎಲ್ಲಿಂದಲೋ ಬರ್ತಿದೆ. ಮೇಲ್ಗಡೆ ಯಾರಿದ್ದಾರೆ?"

ಮೇಲಿನ ಮನೆಯಲ್ಲಿ ಬಾಣಂತನ ಮುಗಿಸಿ ತವರಿಂದ ಬಂದು ತಿಂಗಳಾಗಿದ್ದ ಹುಡುಗಿ, ಅವಳ ಗಂಡ, ಕೂಸು. ನಾವು ಹೋದಾಗ ಅವಳು ಎಣ್ಣೆ ಹಚ್ಚಿದ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೊರಟಿದ್ದಳು. ಮೆಕ್ಯಾನಿಕ್ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಬಿಸಿನೀರಿನ ನಲ್ಲಿಗೆ ಟೆಸ್ಟರ್ ಹಿಡಿದರು. ದೀಪ ಹೊತ್ತಿತು. ಗೀಸರ್ ಆರಿಸಿದಾಗ ಅದೂ ಆರಿತು.

ಅವಳು ಮೆಲ್ಲಗೆ ಹೇಳಿದಳು: "ನಲ್ಲಿ ಮುಟ್ಟಿದ್ರೆ ನಂಗೂ ಕೈ ಜುಮ್ ಅಂತಿತ್ತು ಅಕ್ಕ. ಬಾಣಂತಿ ಮೈ, ನಿಶ್ಶಕ್ತಿ ಅಂದ್ರು ಎಲ್ರೂ. ನಾನೂ ಸುಮ್ನಾದೆ."

ಹಿಂದೆ ಯಾವಾಗಲೋ ಹಿತ್ತಲಲ್ಲಿ ಪೈಪಿಗೆಂದು ಅಗೆದಾಗ ಇಡೀ ಕಟ್ಟಡದ ಅರ್ಥ್ ತಂತಿ ತುಂಡಾಗಿತ್ತು. ಗೀಸರಿನಿಂದ ಸೋರಿದ ಕರೆಂಟ್ ಭೂಮಿಗಿಳಿಯಲು ದಾರಿಯಿಲ್ಲದೆ ಎರಡೂ ಮನೆಗಳಲ್ಲಿ ಸುತ್ತುತ್ತಿತ್ತು. ಮೆಕ್ಯಾನಿಕ್ ಮೇನ್ ಆರಿಸಿ, ಓನರಿಗೆ ತಾವೇ ಫೋನ್ ಮಾಡಿ ಹೇಳಿ, ನಮ್ಮ ಕಾಗದದಲ್ಲಿ "ಫ್ರಿಜ್ಜಿನಲ್ಲಿ ದೋಷವಿಲ್ಲ" ಎಂದು ಬರೆದುಕೊಟ್ಟು ಹೋದರು. ವಾರಂಟಿಯಿಂದ ನಮಗೆ ಒಂದು ಸ್ಕ್ರೂ ಕೂಡ ಬದಲಾಗಲಿಲ್ಲ. ಆದರೆ ಆ ವಾರಂಟಿ ಇಲ್ಲದಿದ್ದರೆ ನಾವು ಯಾರನ್ನೂ ಕರೆಸುತ್ತಿರಲಿಲ್ಲ. ಗಂಡ ಆಮೇಲೆ ದಂಡವೆಂಬ ಮಾತೆತ್ತಲಿಲ್ಲ.

ಓನರ್ ಮರುದಿನವೇ ಹೊಸ ಅರ್ಥ್ ಹಾಕಿಸಿದರು. ಅಲ್ಲಿಯವರೆಗೆ ಕರೆಂಟಿಲ್ಲದ ಅಡುಗೆಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತು, "ಯಾವಾಗಿಂದ ಅತ್ತೆ?" ಎಂದು ಕೇಳಿದೆ.

"ಗೌರಿ ಹಬ್ಬದಿಂದ" ಎಂದರು.

ಆಗ ಸಂಕ್ರಾಂತಿ ಕಳೆದು ವಾರವಾಗಿತ್ತು.