ಸಿಂಗಪುರಕ್ಕೆ ಹಾಕಿದ ತಂತಿ

ಯುದ್ಧದ ಕಾಲ. ಮುಳಬಾಗಿಲಿನ ನನ್ನ ಅಂಗಡಿಯ ರೇಡಿಯೋ ಚೆನ್ನಾಗಿ ಕೇಳಲೆಂದು ಮಾಳಿಗೆಯ ಮೇಲೆ ತಂತಿ ಎಳೆಸಿದ್ದೆ. "ಸಿಂಗಪುರಕ್ಕೇ ತಂತಿ ಹಾಕಿದೀನಿ ಕಣ್ರೋ" ಎಂದು ಸಂತೆಯಲ್ಲಿ ಜಂಬ ಕೊಚ್ಚಿದೆ. ಸಿಂಗಪುರ ಆಗ ಜಪಾನಿಯರ ಕೈಲಿತ್ತು. ಇನ್ಸ್‌ಪೆಕ್ಟರು ಬಂದೇಬಿಟ್ಟರು.

"ಏಮಯ್ಯಾ ಶೆಟ್ಟಿ, ಶತ್ರುಗಳಿಗೆ ಟೆಲಿಗ್ರಾಂ ಕಳಿಸ್ತೀಯಂತೆ?"

ರೇಡಿಯೋ ಹಾಕಿ ತೋರಿಸಿದರೆ, ಹಾಳಾದ್ದು, ಶಾರ್ಟ್‌ವೇವಿನಲ್ಲಿ ಪೀಪೀ ಎಂದು ಟೆಲಿಗ್ರಾಂ ಸದ್ದೇ ಬಂತು! ಅವರು ಬೇಡಿ ಹೊರತೆಗೆದರು.

ನಾನು ಎರಡೂ ಕೈಯೆತ್ತಿ ದೂರ ಸರಿದೆ. ಸದ್ದು ನಿಲ್ಲಲಿಲ್ಲ.

"ನೋಡಿ ಸ್ವಾಮಿ, ಇದಕ್ಕೆ ಕಿವಿ ಮಾತ್ರ, ಬಾಯಿಲ್ಲ. ಮೊದಲೆಲ್ಲ ಗಾಳೀಲಿ ಬರ್ತಿದ್ದಿದ್ದೇ ಈ ಪೀಪೀ. ಮಾತು, ಹಾಡು ಆಮೇಲೆ ಬಂದಿದ್ದು. ಹಡಗಿನೋರು ಇನ್ನೂ ಹಿಂಗೇ ಟೆಲಿಗ್ರಾಂ ಕುಟ್ತಾರೆ."

ಅವರು ಬೇಡಿ ಒಳಗಿಟ್ಟು, ತಾವೇ ಬಾಗಿಲು ಮುಚ್ಚಿದರು.

"ಜಪಾನಿನೋರ ಸುದ್ದಿ ಎಲ್ಲಿ ಬರುತ್ತೆ, ತಿರುಗ್ಸು. ಸಣ್ಣಗಿಡು."

ಯುದ್ಧ ಮುಗಿಯೋತನಕ ದಿನಾ ಸುದ್ದಿ ಹೊತ್ತಿಗೆ ನನ್ನ ಅಂಗಡಿಗೆ ಪೊಲೀಸ್ ಕಾವಲು ಬಿಟ್ಟಿ.