ಮೊಣಕಾಲೂರಿದ ಸೋದರಮಾವ

ಆ ದಿನವೂ ಬೆಟಗೇರಿಯ ನಮ್ಮ ಓಣಿ ಮಗ್ಗದ ಸದ್ದಿಗೇ ಎದ್ದಿತು. ಹಂಡೆಯ ಒಲೆಗೆ ಹತ್ತಿಕಟ್ಟಿಗೆ ತುರುಕಿ, ಬಿಂಕದಕಟ್ಟಿಯಿಂದ ಬರುವ ಹಾಲು ಸೋಸಿಟ್ಟು, ನಾದಿನಿಯನ್ನು ರೊಟ್ಟಿ ಬಡಿಯಲು ಕೂರಿಸಿ, ನಾನು ಒಗೆಯುವ ಬಟ್ಟೆಗಳನ್ನು ಕೊಡವತೊಡಗಿದೆ. ಅತ್ತೆಯ ಹಿಂದಿನ ದಿನದ ಇಳಕಲ್ ಸೀರೆಯ ನೆರಿಗೆಯಿಂದ ಹುರಿದ ಶೇಂಗಾದ ಕೆಂಪು ಸಿಪ್ಪೆಗಳು ಉದುರಿದವು. ನಿನ್ನೆ ಮಧ್ಯಾಹ್ನ ಅವರು ಮಠದ ಪುರಾಣಕ್ಕೆ ಹೋಗಿದ್ದರು. ಪುರಾಣ ಕೇಳುತ್ತ ಶೇಂಗಾ ತಿನ್ನುವ ಪದ್ಧತಿ ಯಾವಾಗ ಬಂತು ಎಂದುಕೊಂಡೆನೇ ಹೊರತು ಕೇಳಲಿಲ್ಲ. ನಾನಿನ್ನೂ ಹೊಸ ಸೊಸೆ. ಯಾವುದನ್ನು ನೋಡಬೇಕು, ಯಾವುದನ್ನು ಕೇಳಬೇಕು ಎನ್ನುವುದು ಆಗಷ್ಟೇ ತಿಳಿಯತೊಡಗಿತ್ತು.

ಹಿತ್ತಲ ಗೋಡೆಯ ಆಚೆಯಿಂದ ಬಳೆ ವ್ಯಾಪಾರಿಯ ಹೆಂಡತಿ ಕರಿಬೇವು ನೀಡಿದರು. ಓಣಿಗೆಲ್ಲ ಅವರು ಚಾಚಿ.

“ಏನ್ರೀ ಅಕ್ಕಾರ, ನಿನ್ನಿ...” ಎಂದು ಅತ್ತೆಯ ಕಡೆ ನೋಡಿ ನಗತೊಡಗಿದರು.

“ಆಮ್ಯಾಲ ಬಾರವಾ” ಅತ್ತೆ ಮಾತು ಕತ್ತರಿಸಿದರು. “ಇವತ್ತ ನನ್ನ ತಮ್ಮ ಬರಾಂವ ಅದಾನ. ಮನ್ಯಾಗ ಗಡಿಬಿಡಿ ಐತಿ.”

ಗಡಿಬಿಡಿ ಖರೆ. ಅತ್ತೆಯ ಈ ತಮ್ಮ ಮೂರು ಊರುಗಳಲ್ಲಿ ಹರಡಿಕೊಂಡಿದ್ದ ಮನುಷ್ಯ. ಲಕ್ಷ್ಮೇಶ್ವರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು, ಶಿರಹಟ್ಟಿಯಲ್ಲಿ ಎಣ್ಣೆ ಗಿರಣಿ, ಮುಂಡರಗಿಯಲ್ಲಿ ಎರೆ ಹೊಲ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ತಲೆಯ ಮುಂಭಾಗದಲ್ಲಿ ಕೂದಲೂ ಇರಲಿಲ್ಲ. ಈಗ ಅಕ್ಕನ ಮಗಳನ್ನು, ಎಂದರೆ ನನ್ನ ನಾದಿನಿಯನ್ನು, ತನಗೆ ಕೊಡಬೇಕೆಂದು ಕೇಳಿದ್ದರು. ಸೋದರಮಾವ ಕೇಳಿದರೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇರಲಿಲ್ಲ. ಹಕ್ಕು ಅವರದೇ.

ಸ್ವಾತಂತ್ರ್ಯ ಬಂದು ಬಹಳ ದಿನವಾಗಿರಲಿಲ್ಲ. ಅಲ್ಲಿಯವರೆಗೆ ಲಕ್ಷ್ಮೇಶ್ವರಕ್ಕೆ ಹೋದರೆ ಮೀರಜ ಸಂಸ್ಥಾನಕ್ಕೆ ಹೋದಂತೆ, ಶಿರಹಟ್ಟಿಗೆ ಹೋದರೆ ಸಾಂಗ್ಲಿಗೆ. ನಮ್ಮ ಗದಗ ಮಾತ್ರ ಮುಂಬಯಿ ಪ್ರಾಂತ್ಯ. ಆ ಗಡಿಗಳು ಆಗಷ್ಟೇ ಅಳಿಸಿದ್ದವು. ನನ್ನ ಗಂಡ ಹಗಲೂ ಇರುಳೂ ಏಕೀಕರಣದ ಮಾತಾಡುತ್ತಿದ್ದರು. ಸೋದರಮಾವ ಆ ಮಾತನ್ನೂ ತಮ್ಮ ಕೆಲಸಕ್ಕೆ ಹಚ್ಚಿಕೊಂಡಿದ್ದರು.

“ಸಂಸ್ಥಾನ ಎಲ್ಲಾ ಒಂದಾದುವು ಅಕ್ಕಾ, ನಮ್ಮ ಎರಡು ಮನಿ ಒಂದಾಗಬಾರದೇನು?”

ಮಾವನವರು ಹತ್ತಿಯ ದಲ್ಲಾಳಿ. ವ್ಯವಹಾರವೆಲ್ಲ ಆ ಜಿನ್ನಿನ ಜೊತೆಗೇ. “ನಿನ್ನ ತಮ್ಮ, ನಿನ್ನ ಮಗಳು, ನೀನ ಹೇಳು” ಎಂದು ಅವರು ಪೇಟೆಗೆ ಜಾರಿಕೊಂಡರು. ಹೂಂ ಅಥವಾ ಊಹೂಂ, ಅಂದು ಸಂಜೆ ಸೋದರಮಾವ ಊರಿಗೆ ತಿರುಗುವ ಮೊದಲು ಅತ್ತೆ ಹೇಳಬೇಕಿತ್ತು.

ನಾದಿನಿಯ ರೊಟ್ಟಿಗಳು ಆ ಬೆಳಿಗ್ಗೆ ದುಂಡಗಾಗಲೇ ಇಲ್ಲ. ಅವಳ ಮನಸ್ಸು ಹುಲಕೋಟಿಯಲ್ಲಿತ್ತು. ಅಲ್ಲಿಯ ಸಾಲಿಯ ಮಾಸ್ತರರೊಬ್ಬರು ಹಿಂದಿನ ತಿಂಗಳು ಅವಳನ್ನು ನೋಡಲು ಸೈಕಲ್ ಮೇಲೆ ಬಂದಿದ್ದರು. ಗಾಬರಿಯಲ್ಲಿ ಅವಳು ಉಪ್ಪಿಟ್ಟಿಗೆ ಉಪ್ಪೇ ಹಾಕಿರಲಿಲ್ಲ. ಅವರು ಅದನ್ನು ತಿಂದು, ಇನ್ನಷ್ಟು ಬೇಕೆಂದು ತಟ್ಟೆ ಚಾಚಿದ್ದರು. ಆ ಸುದ್ದಿ ಸೋದರಮಾವನಿಗೂ ಮುಟ್ಟಿತ್ತು.

“ವೈನಿ, ಅವ್ವ ಹೂಂ ಅಂದ್ರ ನನ್ನ ಕಥಿ ಮುಗೀತು” ಎಂದಳು, ಸುಟ್ಟ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಬಚ್ಚಿಡುತ್ತ.

ಸೋದರಮಾವ ಅತ್ತರಿನ ವಾಸನೆಯ ಸಮೇತ ಬಂದಿಳಿದರು. ಮೋಟಾರು, ಪೇಢೆ, ಕೋಟಿನ ಒಳಜೇಬಿನಲ್ಲಿ ಉಬ್ಬಿದ ಯಾವುದೋ ಡಬ್ಬಿ. ಊಟವಾದ ಮೇಲೆ ಅತ್ತೆ ಯಾರೂ ಎಣಿಸದ ಮಾತು ತೆಗೆದರು.

“ತಮ್ಮಾ, ಊರಾಗ ಇಂಗ್ಲೀಷ ಪಿಚ್ಚರ ಬಂದೈತಂತ, ಬರೇ ಹಾಡು-ಕುಣತ. ಎಲ್ಲಾರೂ ಹೋಗೂಣು. ನಮ್ಮ ಸೊಸಿ ಚರ್ಚಿನ ಸಿಸ್ಟರಗಳ ಸಾಲ್ಯಾಗ ಕಲತಾಕಿ, ಕಥಿ ಹೇಳತಾಳ.”

ನನ್ನ ಇಂಗ್ಲಿಷು ಆ ಮನೆಯಲ್ಲಿ ಅಲ್ಲಿಯವರೆಗೆ ತಂತಿ ಓದಲು, ಔಷಧದ ಬಾಟಲಿಯ ಚೀಟಿ ಓದಲು ಮಾತ್ರ ಬಳಕೆಯಾಗಿತ್ತು. ಭಡ್ತಿ ಸಿಕ್ಕಿತೆಂದು ಹಿಗ್ಗಿ, ಜರಿಯಂಚಿನ ಸೀರೆಯುಟ್ಟು ಹೊರಟೆ.

ಹುಬ್ಬಳ್ಳಿಯಿಂದ ಬಳ್ಳಾರಿ ಕಡೆಗೆ ರೈಲಿನಲ್ಲಿ ಹೋಗುವ ಪಿಕ್ಚರಿನ ಡಬ್ಬಿಗಳು ನಡುವೆ ಗದಗಿನಲ್ಲಿ ಒಂದೆರಡು ದಿನ ಇಳಿಯುತ್ತಿದ್ದವು. ಟಾಕೀಸಿನ ನಡುವೆ ಒಂದು ಪರದೆ. ಆಚೆ ಗಂಡಸರು, ಈಚೆ ನಾವು. ನೋಡಲು ಅಡ್ಡ, ಕೇಳಲು ಏನೂ ಅಡ್ಡವಿಲ್ಲ. ಸೋದರಮಾವ ಪರದೆಗೆ ಹತ್ತಿದ ಕುರ್ಚಿಯಲ್ಲೇ ಕೂತರು. ಅತ್ತರು ಮಾತ್ರ ನಮ್ಮ ಕಡೆ ಬಂತು.

ಕಥೆ ಸಣ್ಣದು. ಕೈಗವಸು ಮಾರುವ ಅಂಗಡಿಯ ಹುಡುಗಿಯೊಬ್ಬಳು ಮದುವೆಯಾದರೆ ಮೋಟಾರಿದ್ದವನನ್ನೇ ಆಗುತ್ತೇನೆಂದು ಆಣೆ ಮಾಡುತ್ತಾಳೆ. ಮಹಡಿಯ ಮೇಲೆ ಒಬ್ಬ ಬಡ ಪಿಯಾನೋದವನು ಇರುತ್ತಾನೆ. ಅವನು ನುಡಿಸಿದಾಗಲೆಲ್ಲ ಇವಳ ಕಾಲುಗಳು ತಾವಾಗಿಯೇ ಕುಣಿಯುತ್ತವೆ. ನಮ್ಮ ಸಿಸ್ಟರುಗಳ ಇಂಗ್ಲಿಷು ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯಂಥದು. ಈ ಪಿಕ್ಚರಿನವರದು ಹಿಂಡದೆ ಒಣಹಾಕಿದ್ದು. ಅರ್ಧ ತಿಳಿಯಿತು, ಇನ್ನರ್ಧವನ್ನು ನಾನೇ ತುಂಬಿದೆ.

“ಏನಂತಾಳ ಅಕಿ?” ಅತ್ತೆ ಕೇಳಿದರು.

“ಮೋಟಾರ ಇದ್ದಾಂವನ್ನ ಮಾಡ್ಕೋತೀನಿ ಅಂತಾಳ್ರಿ.”

“ಶ್ಯಾಣೇಕಿ!” ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಶಭಾಸ್‌ಗಿರಿ ಕೊಟ್ಟಳು.

ಆಮೇಲೆ ಹುಡುಗಿಯೂ ಪಿಯಾನೋದವನೂ ಮುಖಕ್ಕೆ ಮುಖ ಹಚ್ಚಿ ನಿಂತುಬಿಟ್ಟರು. ಬೆಂಚುಗಳೆಲ್ಲ ನನ್ನ ಕಡೆ ತಿರುಗಿದವು. “ಕಿವ್ಯಾಗ ಏನೋ ಹೇಳಾಕತ್ಯಾರ್ರಿ” ಎಂದೆ.

“ಇಷ್ಟೊತ್ತು ಏನ ಹೇಳತಾರಬೇ?” ಅದೇ ಹೆಂಗಸು ಕೇಳಿದಳು.

“ಮನೀ ಬಾಡಗಿ ಮಾತಿರಬೇಕ ಬಿಡು” ಎಂದು ಅತ್ತೆ ಗಂಭೀರವಾಗಿ ತೀರ್ಮಾನಿಸಿದರು.

ಕೊನೆಗೆ ಹುಡುಗಿ ಆಣೆ ಮುರಿದು ಪಿಯಾನೋದವನನ್ನೇ ಮದುವೆಯಾದಳು. ಗಂಟೆ ಮೊಳಗಿತು, ಬಿಳಿ ಹೂವು ಸುರಿಯಿತು, ‘ಮುಗಿಯಿತು’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬಂತು. ಎಲ್ಲರೂ ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದಾಗ ದೀಪ ಮತ್ತೆ ಆರಿತು. ತೆರೆಯ ಮೇಲೆ ಅದೇ ಹುಡುಗಿ ಮತ್ತೆ ಪ್ರತ್ಯಕ್ಷಳಾದಳು. ಈ ಸಲ ಅವಳ ಪಕ್ಕದಲ್ಲಿ ಎತ್ತರದ ಟೋಪಿಯ, ಬೊಜ್ಜಿನ, ದೊಡ್ಡ ಮೋಟಾರಿನ ಒಬ್ಬ ಸಾಹುಕಾರ.

ಅವಳು ಅವನಿಗೆ ‘ನನಗಿನ್ನೂ ಮದುವೆಯಾಗಿಲ್ಲ’ ಎಂದದ್ದು ಕಿವಿಗೆ ಬಿದ್ದಾಗ ನನಗೆ ಹೊಳೆಯಿತು. ಆಪರೇಟರನು ನಡುವಿನ ಒಂದು ರೀಲನ್ನು ಹಚ್ಚಲು ಮರೆತಿದ್ದ. ಮುಗಿದ ಮೇಲೆ ನೆನಪಾಗಿ, ಜನರ ದುಡ್ಡಿಗೆ ಮೋಸವಾಗಬಾರದೆಂದು ಈಗ ಹಚ್ಚಿದ್ದ! ಬೇರೆಯವರಿಗೆ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಪಿಕ್ಚರಿನವರಿಗೆ ಮದುವೆಯಾದರೆ ಕಥೆ ಮುಗಿಯುತ್ತದೆ, ನಮ್ಮವರಿಗೆ ಮದುವೆಯಾದ ಮೇಲೆಯೇ ಶುರುವಾಗುವುದು. ಚಪ್ಪಲಿ ಬಿಟ್ಟು ಎಲ್ಲರೂ ಮತ್ತೆ ಕೂತರು. ಆದರೆ ಸಾಹುಕಾರ ಅವಳ ಕೈಗೆ ಹೊಳೆಯುವ ಬಳೆ ತೊಡಿಸಿದ್ದೇ ಬೆಂಚುಗಳ ಮೇಲೆ ಗುಜುಗುಜು ಎದ್ದಿತು.

“ಅಯ್ಯ, ಗಂಡ ಅದಾನಲ್ಲವಾ ಇಕೀಗೆ! ಯಾರಂವ ಮುದುಕ?”

ಸಿಸ್ಟರುಗಳು ಕಲಿಸಿದಂತೆ ಇದ್ದದ್ದನ್ನು ಇದ್ದಂತೆ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು, ಪರದೆಯ ಆಚೆಗೂ ಕೇಳುವಂತೆ ಅಂದರು:

“ಅಕೀ ಸ್ವಾದರಮಾವ ಇರಬೇಕು. ಹೌದಲ್ಲೇನ ಸೊಸೀ?”

ನಾನು ಅತ್ತೆಯ ಮುಖ ನೋಡಿದೆ. ಆ ಕತ್ತಲಲ್ಲಿ ಮೂಗುತಿ ಬಿಟ್ಟು ಬೇರೇನೂ ಕಾಣಲಿಲ್ಲ. ಹಿರಿಯರ ಮಾತು ಮೀರಬಾರದೆಂದು ಕೂಡ ಸಿಸ್ಟರುಗಳೇ ಕಲಿಸಿದ್ದರು.

“ಹೌದ್ರಿ” ಎಂದೆ.

ಅಲ್ಲಿಂದ ಸಾಹುಕಾರನ ಗ್ರಹಚಾರ ಕೆಟ್ಟಿತು. ಅವನು ಬಳೆ ಕೊಟ್ಟಾಗ ‘ಸ್ವಾದರಮಾವ, ಕೊಡಲಿ ಬಿಡು’ ಎಂದವರು, ತೋಟದಲ್ಲಿ ಅವಳ ಸೊಂಟ ಹಿಡಿದು ಕುಣಿಯತೊಡಗಿದಾಗ ‘ಏನಿದು, ಇಷ್ಟ್ಯಾಕ?’ ಎಂದರು. ಕೊನೆಗೆ ಅವನು ಏದುಸಿರು ಬಿಡುತ್ತ ಒಂದು ಮೊಣಕಾಲೂರಿ ಉಂಗುರ ಚಾಚಿದಾಗ ನಮ್ಮ ಇಡೀ ಭಾಗ ಎದ್ದು ನಿಂತಿತು.

“ಮಾವಾ, ನಾಚಿಗಿ ಐತೇನೋ ನಿನಗ? ಗಂಡ ಇದ್ದಾಕಿ ಅಕಿ!”

“ಇಲ್ಲದಿದ್ರೂ ನಿನಗ ಮಗಳ ಸಮ ಅದಾಳಲ್ಲೋ!”

“ಮೊಣಕಾಲ ಹಿಡದಾವು ನೋಡು, ಈಗ ಎಬ್ಬಸವರ್ಯಾರು?” ಈ ಕೊನೆಯದು ಅತ್ತೆಯ ದನಿ.

ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಳು. ಪರದೆಯ ಆಚೆ, ಇದುವರೆಗೆ ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದ ಸೋದರಮಾವನ ನಗು ನಿಂತಿತ್ತು. ಹುಡುಗಿ ಉತ್ತರ ಕೊಡಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ರೀಲು ಮುಗಿಯಿತು. ನನ್ನ ಲೆಕ್ಕದಲ್ಲಿ ಆ ಸಾಹುಕಾರ ಇವತ್ತಿಗೂ ಮೊಣಕಾಲೂರಿಯೇ ಕೂತಿದ್ದಾನೆ.

ಮೋಟಾರಿನಲ್ಲಿ ಮನೆಗೆ ಬಂದೆವು. ಚಹಾ ಕೊಟ್ಟೆ. ಸೋದರಮಾವ ಬಸಿಗೆ ಸುರುವಿಕೊಂಡರು, ಕುಡಿಯಲಿಲ್ಲ. ಬಸಿಯ ಚಹಾದ ಮೇಲೆ ಕೆನೆ ಕಟ್ಟುವುದನ್ನು ನಾನು ನೋಡುತ್ತ ನಿಂತೆ. ಅಡುಗೆಮನೆಯ ಬಾಗಿಲ ಹಿಂದಿನಿಂದ ನಾದಿನಿಯ ಒಂದು ಕಾಲ್ಬೆರಳು ಮಾತ್ರ ಕಾಣುತ್ತಿತ್ತು.

“ಏನವಾ” ಎಂದು ಅವರು ನನ್ನನ್ನು ಕೇಳಿದರು. “ಅಂವ ಖರೇನ ಅಕೀ ಸ್ವಾದರಮಾವನ?”

ಕಾಲ್ಬೆರಳು ಮಡಚಿಕೊಂಡಿತು.

“ಅತ್ತಿಯವರು ಹಂಗ ಅಂದ್ರಲ್ಲರಿ, ಮಾಮಾ” ಎಂದೆ.

“ಮಾರಿ ನೋಡಿದ್ರ ತಿಳಿಯಂಗಿಲ್ಲೇನು?” ಎಂದರು ಅತ್ತೆ, ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ. “ತಮ್ಮಾ, ನೀ ಕೇಳೀದಿ. ನೀ ಕೇಳಿದ ಮ್ಯಾಲ ನಾ ಇಲ್ಲ ಅನ್ನಾಕಿ ಅಲ್ಲ. ಹೂಂ ಅನ್ಲೇನು?”

ಅವರು ತಮ್ಮ ಮೊಣಕಾಲನ್ನು ತಿಕ್ಕಿಕೊಂಡರು. ಆಮೇಲೆ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದರು.

“ಬ್ಯಾಡ ಬಿಡಕ್ಕಾ. ಊರ ಹೆಂಗಸರೆಲ್ಲ ನನ್ನ ಎಬ್ಬಸಾಕ ಬರೂದು ಬ್ಯಾಡ.” ಒಳಜೇಬಿನ ಡಬ್ಬಿ ತೆಗೆದು ಬಾಗಿಲ ಕಡೆ ನೋಡಿದರು. “ಬಾ ಇಲ್ಲೆ, ಹುಡುಗೀ. ಈ ಬಂಗಾರದ ಪಾಟ್ಲಿ ಬಳಿ ಬ್ಯಾರೆ ಲೆಕ್ಕದಾಗ ತಂದಿದ್ದೆ. ಈಗ ಸ್ವಾದರಮಾವನ ಆಯೇರಿ ಅಂತ ಇಟಗೋ. ಮಾಸ್ತರನ ಸೈಕಲ್ ಮ್ಯಾಲೆ ಕುಂಡ್ರುವಾಗ ಮಾತ್ರ ಹಾಕ್ಕೋಬ್ಯಾಡ, ಭಾರಕ್ಕ ಗಾಲಿ ಬಾಗತೈತಿ.”

ನಾದಿನಿ ಬಂದು ಕಾಲಿಗೆ ಬಿದ್ದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು. ಮೋಟಾರು ಹತ್ತುವಾಗ ಬಾಗಿಲ ಹಿಡಿ ಒಂದು ಕ್ಷಣ ಕೈಗೆ ಸಿಗದೆ ತಡವರಿಸಿದ್ದು ನನಗೆ ಕಾಣಿಸಿತು. ಅತ್ತೆಗೂ ಕಂಡಿರಬೇಕು. ಮೋಟಾರು ಓಣಿಯ ತಿರುವು ದಾಟುವ ತನಕ ಅವರು ಹೊಸ್ತಿಲಲ್ಲೇ ನಿಂತಿದ್ದರು. ಆಮೇಲೆ ದೇವರಿಗೆ ದೀಪ ಹಚ್ಚಲು ಒಳಗೆ ಹೋದರು.

ಎಲ್ಲವೂ ನನ್ನ ಇಂಗ್ಲಿಷಿನ ಪುಣ್ಯವೆಂದು ಮನಸ್ಸಿನಲ್ಲೇ ಬೀಗುತ್ತ ಹಾಲಿಗೆ ಹೆಪ್ಪು ಹಾಕಲು ಹಿತ್ತಲ ಬಾಗಿಲ ಪಕ್ಕದ ನಾಗೊಂದಿಗೆಯ ಮೇಲಿನ ಮೊಸರ ಗಡಿಗೆಗೆ ಕೈ ಹಾಕಿದ್ದೆ. ಗೋಡೆಯ ಮೇಲೆ ಚಾಚಿಯ ಬಟ್ಟಲು ಕಾಣಿಸಿತು, ಹಿಂದೆಯೇ ಚಾಚಿ.

“ಒಂದೀಟು ಹೆಪ್ಪು ಕೊಡವಾ. ಅಲ್ಲ, ನನ್ನ ಮಗಳು ಇವತ್ತ ಆ ಪಿಚ್ಚರಕ್ಕ ಹೋಗಿ ಬಂದ್ಲು, ಲಗ್ನ ಆದ ಮ್ಯಾಲ ಮುದುಕ ಬಂದ ಅಂತಾಳ. ನಿನ್ನಿ ಹಂಗೇನ ಇರಲಿಲ್ಲಪಾ, ಮುದುಕ ಮೊದಲ ಬಂದು, ಅಕೀ ಕಡಿಂದ ಒಲ್ಲೆ ಅನ್ನಿಸಿಕೊಂಡು ಹೋದ. ನಿಮ್ಮತ್ತಿ ನನ್ನ ಬಾಜೂಕ ಕುಂತು ಶೇಂಗಾ ತಿನಕೋತ ಎಷ್ಟು ನಕ್ಕಿದ್ರು, ಹೇಳಿಲ್ಲೇನು ನಿನಗ?... ಹೆಪ್ಪು ಹುಳಿ ಇರೂದ ಕೊಡು.”