ಬಾರದವರ ಮನೆಗೆ ನಡೆದುಹೋದ ಪ್ರೊ. ವಿಶ್ವನಾಥ ಹರಿಕಂತ್ರ

ಕರಾವಳಿಯ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು ಹಲವರಿದ್ದಾರೆ; ನದಿಮುಖದ ಏಡಿ, ಸಿಗಡಿ, ಚಿಪ್ಪುಜೀವಿಗಳ ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ವಿದ್ವಾಂಸರಿಗೂ ಇಲ್ಲಿ ಕೊರತೆಯಿಲ್ಲ. ಆದರೆ ಆ ಶಾಸ್ತ್ರ ಕಲಿಸುವ ನಿಧಾನವಾದ ನೋಟವನ್ನು ಪ್ರಯೋಗಾಲಯದ ಹೊರಗೆ, ಮನುಷ್ಯರ ಮನೆಯಂಗಳದವರೆಗೆ ಒಯ್ದು, ಹದಿನೆಂಟು ಇಪ್ಪತ್ತರ ಹರೆಯದವರನ್ನು ಎಪ್ಪತ್ತು ಎಂಬತ್ತು ದಾಟಿದವರ ಎದುರು ಕೂರಿಸಿ, ಹೇಳುವುದಕ್ಕಿಂತ ಕೇಳುವುದನ್ನು ರೂಢಿಸಿದವರು ಯಾರೆಂದರೆ ಹೊನ್ನಾವರದಲ್ಲಿ ಎಲ್ಲರೂ ಹೇಳುವ ಹೆಸರು ಪ್ರೊ. ವಿಶ್ವನಾಥ ಹರಿಕಂತ್ರ ಅವರದು. ಮೂವತ್ತಮೂರು ವರ್ಷಗಳ ಅಧ್ಯಾಪನದ ಬಳಿಕ ಈ ಮೇ ತಿಂಗಳ ಕೊನೆಗೆ ಅವರು ಸೇವೆಯಿಂದ ನಿವೃತ್ತರಾಗಿದ್ದಾರೆ.

ಹುಟ್ಟಿದ್ದು ಭಟ್ಕಳ ತಾಲೂಕಿನ ಬೆಳಕೆಯಲ್ಲಿ. ದೋಣಿಯ ಕೆಲಸಕ್ಕೆ ಹೋಗುತ್ತಿದ್ದ ತಂದೆ ದೇವು ಕಾಮಾಲೆಯಿಂದ ತೀರಿಕೊಂಡಾಗ ಅವರಿನ್ನೂ ಪಿಯುಸಿ ವಿದ್ಯಾರ್ಥಿ. ತಾಯಿ ಗಣಪಿಯಮ್ಮ ಒಬ್ಬನೇ ಮಗನನ್ನು ಕರೆದುಕೊಂಡು ತವರೂರಾದ ಮಾವಿನಕುರ್ವೆಗೆ ಬಂದು, ಬುಟ್ಟಿ ತಲೆಗೇರಿಸಿ, ಹೊನ್ನಾವರದ ಮೀನು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕೂತರು. ಮಗ ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ೧೯೯೨ರಲ್ಲಿ ಅದೇ ಮಾರುಕಟ್ಟೆಯಿಂದ ಕೂಗಳತೆಯ ದೂರದ ಕಾಲೇಜಿಗೆ ಉಪನ್ಯಾಸಕರಾಗಿ ಸೇರಿದರು.

ಅವರ ಮೊದಲ ತರಗತಿಯ ಬಗ್ಗೆ ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ಮೇಜಿನ ಮೇಲೆ ಜೀವಂತ ಏಡಿಯೊಂದನ್ನು ಬಿಟ್ಟು, "ಇದರ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ಬರೆಯಿರಿ" ಎಂದು ಹೇಳಿ ಕಿಟಕಿಯ ಬಳಿ ನಿಂತುಬಿಡುತ್ತಿದ್ದರಂತೆ. ಗೊತ್ತಿದ್ದದ್ದನ್ನು ಬರೆದು ಅಂಕ ಗಳಿಸಿ ಬಂದ ಮಕ್ಕಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇರಲಿಲ್ಲ. ಬೆಳಗಿನ ಜಾವ ದೋಣಿಗೆ ಹೋಗಿ ಬಂದು ಮೊದಲ ಅವಧಿಯಲ್ಲಿ ತೂಕಡಿಸುತ್ತಿದ್ದ ಮೋಹನ ಎಂಬ ವಿದ್ಯಾರ್ಥಿಯನ್ನು ಅವರು ಒಂದು ದಿನವೂ ಗದರಲಿಲ್ಲ. ಇಡೀ ತಂಡದ ಪ್ರಾಯೋಗಿಕ ತರಗತಿಯನ್ನೇ ಮಧ್ಯಾಹ್ನಕ್ಕೆ ಬದಲಿಸಿದರು. ಯಾರಿಗಾಗಿ ಬದಲಾಯಿತು ಎಂಬುದು ಮೋಹನನಿಗೇ ತಿಳಿದದ್ದು ಪದವಿ ಮುಗಿದ ಮೇಲೆ.

೨೦೧೭ರಲ್ಲಿ ಅವರು ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಯಾಗಿದ್ದಾಗ ಮಾವಿನಕುರ್ವೆಯ ಹಿರಿಯರಿಗಾಗಿ ಒಂದು ದಿನದ ಸಂತೋಷಕೂಟ ಏರ್ಪಡಿಸುವ ಉತ್ಸಾಹವನ್ನು ವಿದ್ಯಾರ್ಥಿಗಳೇ ತೋರಿದರು. ಮುಂದಾಳು ಮುರ್ಡೇಶ್ವರದಿಂದ ದಿನವೂ ಬರುತ್ತಿದ್ದ ಎರಡನೆಯ ವರ್ಷದ ಸೌಜನ್ಯಾ. ತಿಂಗಳುಗಟ್ಟಲೆ ತಯಾರಿ ನಡೆಯಿತು. ಶಾಲೆಯ ಸಭಾಂಗಣದಲ್ಲಿ ಅರವತ್ತು ಕುರ್ಚಿ, ಭಾವಗೀತೆ, ಮಿಮಿಕ್ರಿ, ರಕ್ತದೊತ್ತಡದ ತಪಾಸಣೆ, ಉಪ್ಪಿಟ್ಟು, ಶಿರಾ ಎಲ್ಲವೂ ಸಿದ್ಧವಾದವು. ಬಂದು ಕೂತವರು ಹನ್ನೊಂದು ಮಂದಿ. ಅವರಲ್ಲಿ ಒಂಬತ್ತು ಗಂಡಸರು. ಮಿಮಿಕ್ರಿ ಮಾಡಲು ನಿಂತ ಸುಹಾಸ ಖಾಲಿ ಕುರ್ಚಿಗಳನ್ನು ನೋಡಿ ಅರ್ಧಕ್ಕೇ ಇಳಿದುಬಂದ.

ಪ್ರಾಚಾರ್ಯರು ಬೇಸರದಿಂದಲೇ, ಮುಂದಿನ ಸಲ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳಿ, ಸಸಿಗಳಾದರೂ ಇಟ್ಟಲ್ಲಿ ಇರುತ್ತವೆ ಎಂದರು. ಸೌಜನ್ಯಾ ಮುಂದಾಳುತನ ಬಿಡುವುದಾಗಿ ಚೀಟಿ ಬರೆದುಕೊಟ್ಟಳು.

"ಮುದುಕರಿಗೆ ಇಂಥದ್ರಲ್ಲಿ ಆಸಕ್ತಿನೇ ಇಲ್ಲ ಸರ್" ಎಂದ ಸುಹಾಸ.

"ಅವರು ಹೇಳಿದ್ದಾ, ನೀ ಅಂದಾಜು ಮಾಡಿದ್ದಾ?" ಎಂದು ಹರಿಕಂತ್ರ ಸರ್ ಕೇಳಿದರು. ಅವರು ಚೀಟಿಯನ್ನು ಕಿಸೆಗೆ ಹಾಕಿಕೊಂಡು, ಪ್ರಾಚಾರ್ಯರಿಂದ ಎರಡು ವಾರದ ಅವಕಾಶ ಪಡೆದು, ಮಕ್ಕಳನ್ನು ಇಬ್ಬಿಬ್ಬರಂತೆ ಮನೆಮನೆಗೆ ಕಳಿಸಿದರು. ದೂರಲು ಹೋಗಬಾರದು, ಸಮಜಾಯಿಷಿ ಕೊಡಬಾರದು, ಏಕೆ ಬರಲಿಲ್ಲ ಎಂದಷ್ಟೇ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬರಬೇಕು.

ಉತ್ತರಗಳು ಬಂದವು. ಮೆಟ್ಟಿಲು ಹತ್ತಲಾಗುವುದಿಲ್ಲ, ಕೈಯಿಲ್ಲದ ಕುರ್ಚಿಯಿಂದ ಏಳಲು ಬರುವುದಿಲ್ಲ, ಅಷ್ಟು ಹೊತ್ತು ಕೂತರೆ ಹೊರಗೆ ಹೋಗಲು ಜಾಗ ಎಲ್ಲಿ? ಇವೆಲ್ಲ ಅರ್ಥವಾಗುವಂಥವು. ಅರ್ಥವಾಗದ್ದು ಇನ್ನೊಂದಿತ್ತು. ಹದಿನಾಲ್ಕು ಮಂದಿ ಹೆಂಗಸರು ಬೇರೆಬೇರೆ ಮನೆಗಳಲ್ಲಿ ಒಂದೇ ಮಾತು ಹೇಳಿದ್ದರು: "ಬಂದಿದ್ದೆ." ಆದರೆ ಸಭಾಂಗಣದೊಳಗೆ ಅವರನ್ನು ಕಂಡವರೇ ಇಲ್ಲ. ಹದಿನಾಲ್ಕು ಜನ ಬಂದದ್ದು ನಿಜವಾದರೆ ಅವರು ಹೋದದ್ದೆಲ್ಲಿಗೆ? ಪ್ರೊಫೆಸರರಿಗೆ ಆ ವಾರ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಶನಿವಾರ ಸೌಜನ್ಯಾಳನ್ನು ಕರೆದುಕೊಂಡು, ಆ ಹದಿನಾಲ್ವರಲ್ಲಿ ಮೊದಲ ಹೆಸರಿನ ನಾಗಮ್ಮನವರ ಮನೆಗೆ ತಾವೇ ಹೊರಟರು.

ನಾಗಮ್ಮ ಅಂಗಳದಲ್ಲಿ ಒಣಹಾಕಿದ ಮೀನಿಗೆ ಕಾಗೆ ಕಾಯುತ್ತ ಕೂತಿದ್ದರು.

"ಬಂದಿದ್ದೆ ಹೇಳಿದ್ರಲ್ಲ ಅಜ್ಜಿ, ಮತ್ತೆ ಒಳಗೆ ಎಂತಕ್ಕೆ ಬರ್ಲಿಲ್ಲ?" ಎಂದು ಸೌಜನ್ಯಾ ಕೇಳಿದಳು.

ಅವರು ಒಂದು ಕಾಗೆಯನ್ನು ಓಡಿಸಿ ಹುಡುಗಿಯ ಮುಖ ನೋಡಿದರು. "ಬಾಗ್ಲಲ್ಲಿ ತಟ್ಟೆ ಹಿಡ್ಕಂಡು ನಿಂತವ್ಳು ನೀನೇ ಅಲ್ದ ತಂಗಿ? ಕುಂಕುಮ, ಮಲ್ಲಿಗೆ ಎಲ್ಲ ಇತ್ತು. ನನ್ನ ಗಂಡ ಸತ್ತು ಇಪ್ಪತ್ತು ವರ್ಷ ಆತು. ನೀ ಕೊಟ್ರೆ ತಕಳ್ಳುಕೆ ಆಗುದಿಲ್ಲ. ಕೊಡ್ದೇ ಬಿಟ್ರೆ ಎಲ್ಲರ ಎದ್ರಿಗೆ ನಾ ಮುಖ ಎಲ್ಲಿ ಇಟ್ಕಣುದು? ಬೇಲಿ ಹತ್ರ ನಿಂತು ಹಾಡು ಕೇಳ್ದೆ. ಚಂದ ಇತ್ತು. ವಾಪಸ್ ಬಂದೆ."

ಸೌಜನ್ಯಾಳ ಕಣ್ಣು ತುಂಬಿತು. ಆಗ ಪಕ್ಕದಲ್ಲಿದ್ದ ಪ್ರೊಫೆಸರರು, "ತಟ್ಟೆ ಇಡುಕೆ ಹೇಳಿದ್ದು ನಾನು ನಾಗಮ್ಮ. ಈ ಹುಡುಗಿ ಅಲ್ಲ" ಎಂದರು. ಅದು ಶಿಷ್ಯೆಯನ್ನು ಉಳಿಸಲು ಆಡಿದ ಮಾತಲ್ಲ, ನಿಜವೇ. ಸ್ವಾಗತದ ಪಟ್ಟಿಗೆ ತಟ್ಟೆಯನ್ನು ಸೇರಿಸಿದ್ದು ಅವರ ಕೈಬರಹ. ಮದುವೆಮನೆಗಳಲ್ಲಿ ತನ್ನ ತಾಯಿ ಯಾವಾಗಲೂ ಹಿತ್ತಿಲ ಬಾಗಿಲಿನಿಂದ ಒಳಹೋಗುತ್ತಿದ್ದುದನ್ನು ತಂದೆ ತೀರಿಕೊಂಡಂದಿನಿಂದ ನೋಡಿದ ಕಣ್ಣು, ಕಂಡದ್ದರ ಕಾರಣವನ್ನು ಒಮ್ಮೆಯೂ ಕೇಳಿರಲಿಲ್ಲ. ಏಡಿಯ ನಡಿಗೆಗೆ ಕಾರಣ ಹುಡುಕಿದ ತನಗೆ ಇದು ಹೊಳೆಯದೇ ಹೋಯಿತಲ್ಲ ಎಂದು ಅವರು ಮುಂದೆ ಎಷ್ಟೋ ಸಲ ತರಗತಿಯಲ್ಲಿಯೇ ಒಪ್ಪಿಕೊಂಡಿದ್ದಾರೆ.

ನಾಗಮ್ಮ ಕಣ್ಣು ಕಿರಿದಾಗಿಸಿ ಅವರನ್ನೇ ನೋಡಿದರು. "ನೀ ಗಣಪಿ ಮಗ ಅಲ್ದ? ಗಣಪಿ ಇದ್ದಾಳ್ಯ?"

"ಇದ್ದಾಳೆ. ಕುಮಟೆಯಲ್ಲಿ, ನಮ್ಮ ಮನೇಲೇ."

"ಇದ್ದಾಳ್ಯ!" ಎಂದು ಅವರು ಎದ್ದು ನಿಂತರು. "ಸತ್ರೆ ಹೇಳುಕೆ ಯಾರಾದ್ರೂ ಬರ್ತ್ರು. ಇದ್ದಾಳೆ ಹೇಳುಕೆ ಯಾರು ಬರ್ತ್ರು ಹೇಳು? ಅವ್ಳೂ ಬರುದು ಬಿಟ್ಲು, ನನ್ನ ಮೊಣಕಾಲೂ ಹೋತು. ಹೋಗಿರ್ಬೇಕು ಹೇಳಿ ಮಾಡಿದ್ದೆ."

ಮೂವತ್ತೊಂದು ವರ್ಷ ಮಾರುಕಟ್ಟೆಯಲ್ಲಿ ಮಗ್ಗುಲಿಗೆ ಮಗ್ಗುಲು ತಾಗಿಸಿ ಕೂತವರು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿದ್ದುಕೊಂಡು, ಒಬ್ಬರು ಇನ್ನೊಬ್ಬರನ್ನು ಸತ್ತರೆಂದು ತಿಳಿದಿದ್ದರು.

ಆ ಸಂಜೆ ಕುಮಟೆಯ ಮನೆಯಲ್ಲಿ ಪ್ರೊಫೆಸರರು ತಾಯಿಯ ಮಂಚದ ಬದಿಗೆ ಕೂತರು. ಮೂರು ವರ್ಷದ ಹಿಂದೆ ಬುಟ್ಟಿ ಕೆಳಗಿಳಿಸಿದ ತಾಯಿಗೆ ಫ್ಯಾನು, ಟಿವಿ, ಹೊತ್ತಿಗೆ ಸರಿಯಾಗಿ ಗಂಜಿ, ಸೊಸೆ ನೇತ್ರಾ ಅವರ ಅಕ್ಕರೆ ಎಲ್ಲವೂ ಇತ್ತು. ವಿಶ್ರಾಂತಿ ಕೊಟ್ಟಿದ್ದೇನೆಂಬ ಸಮಾಧಾನ ಮಗನಿಗಿತ್ತು.

"ಅಮ್ಮಾ, ಪ್ಯಾಟೆಗೆ ಹೋಗುದು ಬಿಟ್ಟ ಮೇಲೆ ನಿಂಗೆ ಎಂತ ಬೇಕು ಅನ್ನಿಸ್ತದೆ?"

ಗಣಪಿಯಮ್ಮ ಟಿವಿ ಆರಿಸಿದರು. "ಇದ್ನ ಕೇಳುಕೆ ಮೂರು ವರ್ಷ ಬೇಕಾತ ನಿಂಗೆ?" ಎಂದು ಮಗನ ಕಡೆ ತಿರುಗಿ ಕೂತು, "ಮೀನು ಮಾರುದು ಬ್ಯಾಡ, ಸಾಕಾತು. ಆ ಸಾಲಲ್ಲಿ ಒಂದ್ ಸಲ ಕೂತ್ಕಣ್ಬೇಕು" ಎಂದರು.

ಎರಡನೆಯ ಕೂಟದ ಕಲ್ಪನೆ ಹುಟ್ಟಿದ್ದು ಈ ಒಂದು ಮಾತಿನಿಂದ. ಸೌಜನ್ಯಾಳ ಚೀಟಿಯನ್ನು ಅವಳಿಗೇ ಹಿಂದಿರುಗಿಸಿ, ಹೊಸ ಕೆಲಸ ವಹಿಸಿದರು: ಆ ಕಾಲದಲ್ಲಿ ಹೊನ್ನಾವರದ ಮಾರುಕಟ್ಟೆಯಲ್ಲಿ ಕೂರುತ್ತಿದ್ದವರು ಈಗ ಎಲ್ಲೆಲ್ಲಿ ಇದ್ದಾರೆ? ಸುಹಾಸ ಮಾರುಕಟ್ಟೆಯ ಈಗಿನ ಮೀನುಗಾರ್ತಿಯರನ್ನು ವಿಚಾರಿಸಿದ. ಕುಮಟೆಯ, ಭಟ್ಕಳದ ಸಹಪಾಠಿಗಳು ತಮ್ಮ ತಮ್ಮ ಕೇರಿಗಳಲ್ಲಿ ಹುಡುಕಿದರು. ಬೆಳಕೆಯಿಂದ ಕುಮಟೆಯವರೆಗೆ ಹತ್ತೊಂಬತ್ತು ಮಂದಿ ಸಿಕ್ಕರು. ಜನವರಿಯ ಎರಡನೆಯ ಶನಿವಾರ ಅವರನ್ನೆಲ್ಲ ಕಾಲೇಜಿನ ನೆಲಮಹಡಿಯ ಜಗಲಿಗೆ ಕರೆತಂದರು. ಬಾಗಿಲಲ್ಲಿ ತಟ್ಟೆ ಇರಲಿಲ್ಲ. ಸೌಜನ್ಯಾ ಬರಿಗೈಯಲ್ಲಿ ನಿಂತು, ಬಂದವರ ಕೈ ಹಿಡಿದು ಒಳಗೆ ಕರೆದೊಯ್ದಳು.

ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ. ಆದರೂ ಆ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ, ಹಿಂದೆ ಸರಿಯುತ್ತ, ಮುಂದೆ ಜರುಗುತ್ತ, ಮಾರುಕಟ್ಟೆಯ ಹಳೆಯ ಸಾಲಿನಂತೆಯೇ ಕೂತರು. ನಡುವೆ ಖಾಲಿ ಉಳಿದ ಕುರ್ಚಿಯನ್ನು ಒಬ್ಬ ವಿದ್ಯಾರ್ಥಿನಿ ತೆಗೆಯಲು ಹೋದಾಗ ಸಾಲಿನಿಂದ ಧ್ವನಿ ಬಂತು: "ಇರ್ಲಿ ತಂಗಿ, ಅದು ಕಮಲಿ ಜಾಗ."

"ಅವರೂ ಬರ್ತಾರಾ ಅಜ್ಜಿ?"

"ಇಲ್ಲ. ತೀರ್ಕಂಡು ಐದು ವರ್ಷ ಆತು."

ಗಣಪಿಯಮ್ಮ ಕುಮಟೆಯಿಂದ ತಲುಪಿದ್ದು ಎಲ್ಲರಿಗಿಂತ ತಡವಾಗಿ. ನಾಗಮ್ಮ ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. "ಎಷ್ಟು ಹೊತ್ತು ಮಾಡಿದ್ಯೆ!" ಎಂದು ಗದರಿ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದರು. ಭಾಷಣ, ಮಿಮಿಕ್ರಿ ಯಾವುದೂ ನಡೆಯಲಿಲ್ಲ. ವಿದ್ಯಾರ್ಥಿಗಳು ಚಹಾ ಕೊಟ್ಟು, ಗೋಡೆಗೊರಗಿ ಕೂತು ಕೇಳಿದರು. ನೋಡಿಹೋಗಲು ಬಂದ ಪ್ರಾಚಾರ್ಯರು ಒಂದು ಗಂಟೆ ನಿಂತೇ ಇದ್ದು, ಹೋಗುವಾಗ, ಮುಂದಿನದು ಯಾವಾಗ ಎಂದು ಕೇಳಿದರು.

ಅಂದಿನಿಂದ ಪ್ರತಿ ತಿಂಗಳ ಎರಡನೆಯ ಶನಿವಾರದ ಕೂಟ ಎಂಬುದು ಆ ಕಾಲೇಜಿನಲ್ಲಿ ರೂಢಿಯಾಗಿದೆ. ಎಲ್ಲವೂ ಕೈಗೂಡಿತೆಂದಲ್ಲ. ದೋಣಿ ನಡೆಸಿದ ಹಿರಿಯರ ಕೂಟ ಇಸ್ಪೀಟಿನ ಜಗಳದಲ್ಲಿ ಎರಡು ಸಲ ಮುರಿದುಬಿತ್ತು. ಅದೇಕೆಂದು ಪ್ರೊಫೆಸರರು ಈಗಲೂ ಯೋಚಿಸುತ್ತಾರೆ. ಲಾಕ್‌ಡೌನಿನ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಮಧ್ಯಾಹ್ನ ನಾಲ್ಕಕ್ಕೆ ಹಿರಿಯರನ್ನು ಒಬ್ಬರಿಗೊಬ್ಬರು ಫೋನಿನಲ್ಲಿ ಸೇರಿಸಿದರು. ಭಟ್ಕಳದ ವಿದ್ಯಾರ್ಥಿನಿಯರು ತಮ್ಮ ಅಜ್ಜಿಯರ ನವಾಯತಿ ಮಾತಿನಲ್ಲಿಯೇ ಕೇಳಿ ಬರೆದುಕೊಂಡು ಬಂದು ಅಲ್ಲಿಯೂ ಒಂದು ಕೂಟ ಕಟ್ಟಿದರು. ಸೌಜನ್ಯಾ ಈಗ ಕುಮಟೆಯಲ್ಲಿ ಉಪನ್ಯಾಸಕಿ. ತನ್ನ ವಿದ್ಯಾರ್ಥಿಗಳನ್ನು ಮನೆಮನೆಗೆ ಕಳಿಸುತ್ತಾಳೆ.

ಇಂತಹ ಗುರುವಿಗೆ ನಿವೃತ್ತಿಯೆಂಬುದು ಹಾಜರಿ ಪುಸ್ತಕದ ಮಟ್ಟಿಗಷ್ಟೇ ನಿಜವಾಗಲಿ; ಕಾಲಿಗೆ ಬಲವೂ ಕಣ್ಣಿಗೆ ಬೆಳಕೂ ಕೇಳುವ ಹಂಬಲವೂ ಅವರಿಗೆ ನೂರರವರೆಗೆ ಉಳಿಯಲಿ; ಅವರು ಇನ್ನೂ ತಟ್ಟಬೇಕಾದ ಬಾಗಿಲುಗಳು ಈ ಮೂರು ತಾಲೂಕುಗಳಲ್ಲಿ ಬಹಳ ಇವೆ ಎಂಬುದು ಸಹೋದ್ಯೋಗಿಗಳೆಲ್ಲರ ಪ್ರೀತಿಯ ಹಾರೈಕೆ.

ಈ ಅಭಿನಂದನ ಸಂಪುಟ ಅವರ ಕೈಸೇರುವ ಸಮಾರಂಭ ಜೂನ್ ತಿಂಗಳ ಎರಡನೆಯ ಶನಿವಾರಕ್ಕೆ ಗೊತ್ತಾಗಿದೆ. ಎಂಬತ್ತೆರಡರ ಗಣಪಿಯಮ್ಮನವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಸಮಿತಿಯವರು ಕುಮಟೆಗೆ ಹೋಗಿ ಆಹ್ವಾನಿಸಿದರು. ಅವರು ದಿನ ಯಾವುದೆಂದು ಎರಡು ಸಲ ಕೇಳಿ ತಿಳಿದುಕೊಂಡು, ಮಗನ ಕಡೆಗೆ ತಿರುಗಿ ಹೇಳಿದರಂತೆ:

"ನೀ ಹೋಗಿ ಬಾ. ನಿನ್ನ ಸನ್ಮಾನಕ್ಕೆ ಊರೆಲ್ಲ ಬರ್ತದೆ. ಅವತ್ತು ನಮ್ಮ ಸಾಲಿಗೆ ನಾ ಹೋಗ್ದಿದ್ರೆ ನಾಗಮ್ಮನ ಬದಿಗೆ ಯಾರು ಕೂತ್ಕಣುದು?"